ಪಂಪಿನ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದರೆ

ಭಾವ, ಹಲಸಿನ ಸೊಳೆ ಪ್ಯಾಕ್ ಮಾಡುವ ನಿಮ್ಮ ವ್ಯಾಕ್ಯೂಮ್ ಮೆಷಿನಿನ ಗೇಜಿನ ಮುಳ್ಳು (ಮಿ.ಮೀ. ಪಾದರಸದ ಲೆಕ್ಕ, ಏರಿದಷ್ಟೂ ಒಳಗೆ ಗಾಳಿ ಕಡಿಮೆ) ಮೊದಲು 750ರ ಹತ್ತಿರ ಹೋಗುತ್ತಿತ್ತು, ಈಗ 650ಕ್ಕೇ ನಿಲ್ಲುತ್ತದೆ, ಹೊಗೆಯೂ ಬರುತ್ತದೆ, ಹೊಸ ಪಂಪ್ ತರಬೇಕೇ ಅಂತ ಕೇಳಿದ್ದೀರಿ. ಈಗಲೇ ಬೇಡ. ನೀವು ಹಾಕಿದ ಫೋಟೋದಲ್ಲಿ ಗಾಜಿನ ಕಿಂಡಿಯೊಳಗಿನ ಎಣ್ಣೆ ನೀರುಮಜ್ಜಿಗೆಯ ಹಾಗಿದೆ. ಎಣ್ಣೆಗೆ ನೀರು ಸೇರಿದೆ. ಈ ಪಂಪಿನಲ್ಲಿ ಎಣ್ಣೆ ಇರುವುದು ಸವೆತ ತಡೆಯುವುದಕ್ಕೆ ಮಾತ್ರ ಅಲ್ಲ. ಗಾಳಿಯನ್ನು ದೂಡುತ್ತಾ ತಿರುಗುವ ಪಟ್ಟಿಗಳಿಗೂ (ವೇನುಗಳಿಗೂ) ಸಿಲಿಂಡರಿಗೂ ನಡುವಿನ ಸಂದು ಮುಚ್ಚುವುದೂ ಅದೇ. ಅದು ಕೆಟ್ಟರೆ ಗಾಳಿ ಹಿಂದಕ್ಕೆ ನುಸುಳುತ್ತದೆ.

ನೀರು ಬಂದದ್ದು ಸೊಳೆಯಿಂದಲೇ. ಒತ್ತಡ ಇಳಿದ ಹಾಗೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. 30 ಡಿಗ್ರಿಯ ಸೊಳೆ ಇಟ್ಟರೆ ಮುಳ್ಳು 730ರ ಸುಮಾರಿಗೆ ಬರುವಾಗಲೇ ಅದರ ನೀರು ಆವಿಯಾಗಿ ಏಳುತ್ತದೆ. ಆ ಆವಿ ತಣ್ಣಗಿನ ಪಂಪಿಗೆ ಹೋಗಿ ಒತ್ತಲ್ಪಟ್ಟಾಗ ಮತ್ತೆ ನೀರಾಗಿ ಎಣ್ಣೆಯಲ್ಲಿ ಉಳಿಯುತ್ತದೆ. ಹಾಗಾಗಿ ಸೊಳೆಯನ್ನು ಒರೆಸಿ, ಫ್ರಿಜ್ಜಿನಲ್ಲಿ ಚೆನ್ನಾಗಿ ತಂಪು ಮಾಡಿಯೇ ಇಡಿ. ಪಂಪಿನ ಪರೀಕ್ಷೆ ಮಾಡುವುದಾದರೆ ಚೇಂಬರು ಖಾಲಿ ಇರಲಿ, ಒದ್ದೆ ಸೊಳೆ ಇಟ್ಟು ಮುಳ್ಳು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಎಣ್ಣೆ ಬದಲಾಯಿಸುವುದು ಹೀಗೆ: ಪಂಪನ್ನು ಅರ್ಧ ಗಂಟೆ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ತೆಗೆದು, ಕೈ ಸುಡದ ಹಾಗೆ ಕೆಳಗಿನ ಬೋಲ್ಟ್ ಬಿಚ್ಚಿ. ತಣ್ಣಗಿರುವಾಗ ಬಿಚ್ಚಿದರೆ ಕೆಸರು ಒಳಗೇ ಕೂರುತ್ತದೆ. ಇಷ್ಟು ಬೆಳ್ಳಗಾದ ಎಣ್ಣೆಗೆ ಒಂದು ಸಲ ಸಾಲದು. ಹೊಸ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಓಡಿಸಿ, ಅದನ್ನೂ ಇಳಿಸಿ, ಮತ್ತೆ ತುಂಬಿಸಿ. ಪಂಪ್ ನಿಂತಿರುವಾಗ ಕಿಂಡಿಯ ಎರಡು ಗೆರೆಗಳ ನಡುವೆ ಮಟ್ಟ ಇರಬೇಕು. ಹೆಚ್ಚು ಹಾಕಿದರೂ ಎಕ್ಸಾಸ್ಟಿನಿಂದ ಎಣ್ಣೆ ಉಗುಳುತ್ತದೆ.

ಇದನ್ನು ದಯವಿಟ್ಟು ಗಮನದಲ್ಲಿಡಿ: ವ್ಯಾಕ್ಯೂಮ್ ಪಂಪಿನದೇ ಎಣ್ಣೆ, ಪಂಪಿನ ಫಲಕದಲ್ಲಿ ಬರೆದ ಗ್ರೇಡೇ ಬೇಕು. ಎರಡು ವರ್ಷದ ಹಿಂದೆ ನಮ್ಮಲ್ಲಿ ಆ ಎಣ್ಣೆ ಸಿಗಲಿಲ್ಲ ಅಂತ ಟಿಲ್ಲರಿಗೆ ತಂದಿದ್ದ ಎಂಜಿನ್ ಆಯಿಲ್ ಹಾಕಿದೆವು. ಕೊಳೆಯನ್ನು ಹಿಡಿದಿಡಲು ಅದಕ್ಕೆ ಸೇರಿಸಿದ ಡಿಟರ್ಜೆಂಟ್ ನೀರನ್ನೂ ಬಿಡಲಿಲ್ಲ. ಆ ಮಳೆಗಾಲವಿಡೀ ಕಾಟ, ಕೊನೆಗೆ ವೇನುಗಳನ್ನೇ ಬದಲಾಯಿಸಬೇಕಾಯಿತು.

ಹೊಗೆಗೆ ಮುಖ್ಯ ಕಾರಣ ಎಕ್ಸಾಸ್ಟ್ ಫಿಲ್ಟರು, ಅಂದರೆ ಹೊರಹೋಗುವ ಗಾಳಿಯಲ್ಲಿನ ಎಣ್ಣೆಯನ್ನು ಹಿಡಿಯುವ ಫಿಲ್ಟರು. ತೊಳೆದು ಹಾಕುವ ವಸ್ತುವಲ್ಲ ಅದು, ಹೊಸತೇ ಬೇಕು. ಕಟ್ಟಿಕೊಂಡರೆ ಪಂಪ್ ವಿಪರೀತ ಬಿಸಿಯಾಗುತ್ತದೆ, ಮೋಟರು ಎಳೆಯುವ ಆಂಪಿಯರ್ ಏರುತ್ತದೆ. ಎಣ್ಣೆ ಬದಲಾಯಿಸುವಾಗಲೇ ಅದನ್ನೂ ತೆಗೆದು ನೋಡಿ. ಗಾಳಿ ಎಳೆಯುವ ಕಡೆಯ ಜಾಲರಿ, ಫ್ಯಾನಿನ ಧೂಳು, ಇವು ತಿಂಗಳಿಗೊಮ್ಮೆ ಐದು ನಿಮಿಷದ ಕೆಲಸ.

ಇನ್ನು ದಿನನಿತ್ಯಕ್ಕೆ. ಬೆಳಿಗ್ಗೆ ಪ್ಯಾಕಿಂಗ್ ಶುರು ಮಾಡುವ ಮೊದಲು ಅರ್ಧ ಗಂಟೆ, ಮುಗಿದ ಮೇಲೆ ಅರ್ಧ ಗಂಟೆ ಖಾಲಿ ಓಡಿಸಿ. ಪಂಪಿಗೆ ಗ್ಯಾಸ್ ಬಲಾಸ್ಟ್ ವಾಲ್ವ್ ಇದ್ದರೆ ತೆರೆದಿಡಿ. ಅದು ಹೊರಗಿನ ಗಾಳಿಯನ್ನು ಸ್ವಲ್ಪ ಒಳಗೆ ಬಿಟ್ಟು, ಆವಿ ನೀರಾಗುವ ಮೊದಲೇ ಹೊರಗೆ ದೂಡುತ್ತದೆ. ನಮ್ಮ ಕಾಸರಗೋಡಿನ ಆಟಿಯ (ಜೋರು ಮಳೆಯ ತಿಂಗಳ) ತಂಡಿಗೆ ಇದು ಬೇಕೇ ಬೇಕು. ಪುಸ್ತಕದಲ್ಲಿ ಇಷ್ಟು ಗಂಟೆಗೆ ಎಣ್ಣೆ ಬದಲಾಯಿಸಿ ಅಂತ ಬರೆದಿರುತ್ತದೆ, ನಾನಂತೂ ಬಣ್ಣ ನೋಡಿ ಬದಲಾಯಿಸುತ್ತೇನೆ: ಬೆಳ್ಳಗಾದರೆ ಅದೇ ದಿನ, ಕಪ್ಪಾದರೂ ತಡಮಾಡುವುದಿಲ್ಲ.

ತ್ರೀ ಫೇಸ್ ಮೋಟರಾದರೆ, ವೈರಿಂಗ್ ಅಥವಾ ಲೈನ್ ಕೆಲಸ ಆದಮೇಲೆ ಒಂದು ಕ್ಷಣ ಮಾತ್ರ ಆನ್ ಮಾಡಿ, ಬಾಣದ ದಿಕ್ಕಿಗೇ ತಿರುಗುತ್ತದೆಯೇ ನೋಡಿ. ಉಲ್ಟಾ ಓಡಿದರೆ ವೇನುಗಳಿಗೆ ಪೆಟ್ಟು.

ಇಳಿಸಿದ ಎಣ್ಣೆಯನ್ನು ತೋಟಕ್ಕಾಗಲಿ ತೋಡಿಗಾಗಲಿ ಚೆಲ್ಲಬೇಡಿ, ಗುಡ್ಡಕ್ಕೆ ಅಡ್ಡ ಕೊರೆದ ನಿಮ್ಮ ಸುರಂಗದ ನೀರು ಮನೆಯವರೆಲ್ಲ ಕುಡಿಯುವುದು. ಕ್ಯಾನಿನಲ್ಲಿ ತುಂಬಿಸಿ, ಹಳೆ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ.

ಇಷ್ಟಾದ ಮೇಲೆ ಖಾಲಿ ಚೇಂಬರಿನಲ್ಲಿ ಮುಳ್ಳು ಎಷ್ಟಕ್ಕೆ ಹೋಯಿತು ಅಂತ ಇಲ್ಲೇ ತಿಳಿಸಿ. ಆಗಲೂ 650 ಆದರೆ ಮೊದಲು ಮುಚ್ಚಳದ ರಬ್ಬರು, ಆಮೇಲೆ ವೇನು ನೋಡೋಣ.