ಬಿಳಿಮಚ್ಚೆಯೂ ವಿಶ್ವಾಸವೂ

ಪ್ರಶ್ನೆ: ಕೈಬೆರಳು ಹಾಗೂ ತುಟಿಯ ಸುತ್ತ ಬಿಳಿಮಚ್ಚೆ ಹರಡುತ್ತಿದೆ. ಉಪವಾಸವಿದ್ದು ಪ್ರಾರ್ಥಿಸಿದರೂ ವಾಸಿಯಾಗಿಲ್ಲ. ನನ್ನಲ್ಲಿ ವಿಶ್ವಾಸ ಸಾಲದೆಂದು ಬಂಧುಗಳು ಹೇಳುತ್ತಾರೆ. ಚರ್ಚಿನ ಆರಾಧನೆಯಲ್ಲಿ ಕರ್ತನ ಭೋಜನದ ರೊಟ್ಟಿಗೆ ಕೈ ಚಾಚಲೂ ನಾಚಿಕೆಯಾಗುತ್ತದೆ.
– ಸಹೋದರಿಯೊಬ್ಬರು, ಕೋಲಾರ

ಉತ್ತರ: ಪ್ರಿಯ ಸಹೋದರಿ, ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದಾಗ, ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲ ಎಂದು ಯೇಸುಸ್ವಾಮಿ ಉತ್ತರಿಸಿದ್ದನ್ನು ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ನಿಮ್ಮ ಬಂಧುಗಳೂ ಓದಿರಬೇಕು, ಓದಿಯೂ ಹೀಗೆ ಮಾತನಾಡುವವರಿಗೆ ಸಮಜಾಯಿಷಿ ಕೊಡುವ ಹೊಣೆ ನಿಮ್ಮದಲ್ಲ. ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು, ಅಂದರೆ ತನ್ನನ್ನು ಕಾಡುತ್ತಿದ್ದ ಬಾಧೆಯನ್ನು, ತೆಗೆಯಬೇಕೆಂದು ಅಪೊಸ್ತಲನಾದ ಪೌಲನು ಕರ್ತನನ್ನು ಮೂರು ಸಾರಿ ಬೇಡಿಕೊಂಡನು. ಶೂಲ ಹೋಗಲಿಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಮಾತು ದೊರೆಯಿತು. ಪೌಲನಿಗೆ ವಿಶ್ವಾಸ ಸಾಲದಾಗಿತ್ತೆಂದು ಯಾರು ತಾನೇ ಹೇಳಿಯಾರು?

ಗುಣವಾಗಲೆಂದು ಬೇಡುವುದನ್ನು ನಿಲ್ಲಿಸಬೇಡಿ. ಅದರ ಜೊತೆಗೆ, ‘ಕರ್ತನೇ, ವಾಸಿಯಾಗುವ ಮುನ್ನವೇ ಈ ಕೈಗಳನ್ನು ನಿನ್ನವೆಂದು ಒಪ್ಪಿಕೊಳ್ಳಲು ಕಲಿಸು’ ಎಂದೂ ಪ್ರಾರ್ಥಿಸಿ; ಭಾನುವಾರ ಕೈಗಳನ್ನು ಸೆರಗಿನಲ್ಲಿ ಮರೆಮಾಡದೆ ರೊಟ್ಟಿಯನ್ನು ಸ್ವೀಕರಿಸಿ.

ಔಷಧಿ ತೆಗೆದುಕೊಂಡರೆ ಅವಿಶ್ವಾಸವಾಗುತ್ತದೆಂಬ ಅಳುಕೂ ಬೇಡ. ನಿಮ್ಮ ಊರಿನ ಇ.ಟಿ.ಸಿ.ಎಂ. ಆಸ್ಪತ್ರೆಯನ್ನು ಕಟ್ಟಿದ ಮೆಥೋಡಿಸ್ಟ್ ಮಿಷನ್ನಿನವರೂ ಪ್ರಾರ್ಥಿಸುವ ಜನರೇ. ಬಿಳಿಮಚ್ಚೆ ಅಂಟುರೋಗವಲ್ಲ, ಕುಷ್ಠವೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಾಶಮಾಡುವುದರಿಂದ ಬರುವಂಥದ್ದು. ಹರಡುತ್ತಿರುವಾಗಲೇ ಚರ್ಮವೈದ್ಯರನ್ನು ಕಾಣಿರಿ. ಮುಲಾಮು ಮತ್ತು ಬೆಳಕಿನ ಚಿಕಿತ್ಸೆಯಿಂದ ಹಲವರಿಗೆ ಬಣ್ಣ ಮರಳುತ್ತದೆ, ಆದರೆ ತುಟಿ ಮತ್ತು ಬೆರಳ ತುದಿಗಳಲ್ಲಿ ಅದು ಬಹಳ ನಿಧಾನ.