ಬ್ಯಾಟರಿ ಕೆಳಗಿನ ಐಎಂಇಐ ಬೇರೆ, ಫೋನ್ ತೋರಿಸುವುದೇ ಬೇರೆ
ಹಳೇ ಕೀಪ್ಯಾಡ್ ಫೋನಿನ ಸ್ಟಿಕ್ಕರ್ ಮೇಲಿನ ಐಎಂಇಐಗೂ (ಪ್ರತಿ ಫೋನಿಗೂ ಇರುವ ಪ್ರತ್ಯೇಕ ಗುರುತಿನ ನಂಬರ್) *#06# ಒತ್ತಿದಾಗ ಬರುವ ನಂಬರಿಗೂ ತಾಳೆಯಿಲ್ಲ, ರೀಸೆಟ್ ಮಾಡಿದರೂ ಹಾಗೇ ಇದೆ ಎಂದಿದ್ದೀರಿ. ಬಹುತೇಕ ಯಾರೋ ಬೋರ್ಡ್ ಇಲ್ಲವೇ ಹೊರಕವಚ ಬದಲಿಸಿದ್ದಾರೆ. 15 ಅಂಕಿಯ ಐಎಂಇಐಯನ್ನು ಕಾರ್ಖಾನೆಯಲ್ಲೇ ಬೋರ್ಡಿನ ಮೆಮೊರಿಗೆ ಬರೆದಿರುತ್ತಾರೆ, ರೀಸೆಟ್ ಅಳಿಸುವುದು ನಿಮ್ಮ ಡೇಟಾ ಮಾತ್ರ. ಸಿಮ್ ಬದಲಾದರೂ ಕದ್ದ ಫೋನನ್ನು ನೆಟ್‌ವರ್ಕ್ ಗುರುತಿಸಿ ತಡೆಯಬೇಕಲ್ಲ, ಅದಕ್ಕೇ ಅದು ಅಳಿಯದಂತೆ ಕೂತಿದೆ.

ಪರದೆಯ ನಂಬರ್ ಬರೆದುಕೊಳ್ಳಿ, ನೆಟ್‌ವರ್ಕಿಗೆ ಕಾಣುವುದು ಅದೇ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಟೈಪಿಸಿ, ಒಂದು ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಉತ್ತರದಲ್ಲಿ ನಿಮ್ಮದೇ ಮಾಡೆಲ್ ಬಂದು, ಬ್ಲ್ಯಾಕ್‌ಲಿಸ್ಟ್ ಆಗಿಲ್ಲದಿದ್ದರೆ ಬಳಸಬಹುದು. ಬೇರೆ ಮಾಡೆಲ್ ಬಂದರೆ ಮಾರಿದವರಿಗೇ ವಾಪಸ್ ಕೊಡಿ. ನಂಬರ್ ತಿದ್ದಿಕೊಡುತ್ತೇವೆ ಎನ್ನುವವರ ಬಳಿ ದಯವಿಟ್ಟು ಹೋಗಬೇಡಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲಿದೆ.