ಕೊಲಂಬಿಯಾ ಕಾಫಿಗೆ ಇರೋ ಹೆಸರು ನಮ್ಮ ಕಾಫಿಗೆ ಯಾಕಿಲ್ಲ?

ಪ್ರಶ್ನೆ: ಮೂಡಿಗೆರೆ ಹತ್ರ ನಮ್ದೊಂದು ಸಣ್ಣ ಕಾಫಿ ತೋಟ ಇದೆ, ಅಪ್ಪ ನೋಡ್ಕೋತಾರೆ, ನಾನು ಜರ್ಮನೀಲಿ ಕೆಲಸದಲ್ಲಿದೀನಿ. ಇಲ್ಲಿ ಅಂಗಡೀಲಿ ಕೊಲಂಬಿಯಾ ಕಾಫಿ, ಸಿಲೋನ್ ಟೀ, ನ್ಯೂಜಿಲೆಂಡ್ ಕಿವಿ ಅಂತ ದೇಶದ ಹೆಸರಲ್ಲೇ ಮಾರ್ತಾರೆ, ಇಂಡಿಯಾ ಕಾಫಿ ಅಂತ ಹುಡುಕಿದ್ರೆ ಸಿಗೋದೇ ಕಷ್ಟ. ಒಂದು ದೇಶಕ್ಕೆ ಈ ಥರ ಹೆಸರು ಹೇಗೆ ಬರುತ್ತೆ? ಅವರ ಮಣ್ಣು ಅಷ್ಟು ಚೆನ್ನಾಗಿದ್ಯಾ?

ಉತ್ತರ: ಮಣ್ಣು, ಮಳೆ ಎಲ್ಲಾ ಬೇಕು, ಆದ್ರೆ ಅಷ್ಟರಿಂದಲೇ ಹೆಸರು ಬರಲ್ಲ. ನೀವು ಹೇಳಿದ ಕಿವಿ ಹಣ್ಣನ್ನೇ ತಗೊಳ್ಳಿ, ಅದು ಮೂಲದಲ್ಲಿ ಚೀನಾದ್ದು. 1904ರಲ್ಲಿ ಇಸಬೆಲ್ ಫ್ರೇಜರ್ ಅನ್ನೋ ಟೀಚರ್ ಅಲ್ಲಿಂದ ನ್ಯೂಜಿಲೆಂಡಿಗೆ ಬೀಜ ತಂದ್ರು, ಚೈನೀಸ್ ಗೂಸ್‌ಬೆರಿ ಅಂತಿದ್ದ ಹಣ್ಣಿಗೆ 1959ರಲ್ಲಿ ಎಕ್ಸ್‌ಪೋರ್ಟ್ ಮಾಡೋರು ತಮ್ಮ ದೇಶದ ಹಕ್ಕಿ ಹೆಸರಿಟ್ರು. ಸಿಲೋನ್ ದ್ವೀಪದಲ್ಲಿ ಮೊದಲು ಇದ್ದಿದ್ದೂ ಕಾಫಿನೇ, 1869ರಿಂದ ಎಲೆಗೆ ತುಕ್ಕು ರೋಗ ಹತ್ತಿ ತೋಟಗಳು ಹೋದ್ಮೇಲೆ ಟೀಗೆ ತಿರುಗಿದ್ರು. 1972ರಲ್ಲಿ ದೇಶದ ಹೆಸರು ಶ್ರೀಲಂಕಾ ಆಯ್ತು, ಟೀ ಹೆಸರು ಮಾತ್ರ ಸಿಲೋನ್ ಅಂತಲೇ ಉಳಿಸ್ಕೊಂಡ್ರು, ಅವರ ಸಿಂಹದ ಲೋಗೋ ಹಾಕ್ಬೇಕಂದ್ರೆ ಪೂರ್ತಿ ಅಲ್ಲೇ ಬೆಳೆದ ಟೀ ಆಗಿರ್ಬೇಕು, ಪ್ಯಾಕಿಂಗೂ ಅಲ್ಲೇ ಆಗಿರ್ಬೇಕು.

ಜಾಸ್ತಿ ಬೆಳೆದ್ರೂ ಹೆಸರು ಬರುತ್ತೆ ಅಂತಿಲ್ಲ. ಕಾಫಿ ಬೆಳೆಯೋದ್ರಲ್ಲಿ ಬ್ರೆಜಿಲ್ ಬಿಟ್ರೆ ವಿಯೆಟ್ನಾಂ. ಆದ್ರೆ ಅಲ್ಲಿ ಬೆಳೆಯೋ ರೋಬಸ್ಟಾ ಅನ್ನೋ ಜಾತಿಯ ಕಾಫಿ ಬಹುಪಾಲು ಇನ್‌ಸ್ಟೆಂಟ್ ಪುಡಿಗೆ, ಬ್ಲೆಂಡಿಗೆ ಹೋಗಿ ಯಾರದ್ದೋ ಡಬ್ಬಿಯೊಳಗೆ ಸೇರ್ಕೊಳ್ಳುತ್ತೆ. ಕುಡಿಯೋರಿಗೆ ಅದು ಯಾವ ದೇಶದ್ದು ಅಂತ ಗೊತ್ತೇ ಆಗಲ್ಲ.

ಕೊಲಂಬಿಯಾದವರೂ ಒಂದು ಕಾಲಕ್ಕೆ ಹೀಗೇ ಇದ್ರು. ಅವರ ಕಾಫಿ ಅಮೆರಿಕಕ್ಕೆ ಹೋಗಿ, ಅಲ್ಲಿ ಹುರಿಯೋ ಕಂಪನಿಗಳು ಬೇರೆ ದೇಶದ ಬೀಜದ ಜೊತೆ ಬೆರೆಸಿ ತಮ್ಮ ಬ್ರ್ಯಾಂಡಲ್ಲಿ ಮಾರ್ತಿದ್ವು. ಅಲ್ಲಿಯ ಬೆಳೆಗಾರರದ್ದು ಒಂದು ಫೆಡರೇಶನ್ ಇದೆ, 1927ರಲ್ಲಿ ಶುರುವಾಗಿದ್ದು, ಬಹುತೇಕ ಸಣ್ಣ ಸಣ್ಣ ತೋಟದವರೇ. ಎಕ್ಸ್‌ಪೋರ್ಟ್ ಆಗೋ ಕಾಫಿ ಮೇಲೆ ಇಷ್ಟು ಅಂತ ದುಡ್ಡು ಹಿಡಿದು 1940ರಿಂದ ಒಂದು ನಿಧಿ ಮಾಡ್ಕೊಂಡಿದಾರೆ, ರಿಸರ್ಚು, ಜಾಹೀರಾತು, ಬೆಳೆಗಾರರಿಂದ ಕಾಫಿ ಕೊಂಡ್ಕೊಳ್ಳೋದು ಎಲ್ಲಕ್ಕೂ ಅದೇ ಆಸರೆ. 1950ರ ದಶಕದ ಕೊನೆಯಲ್ಲಿ ಇವರು ನ್ಯೂಯಾರ್ಕಿನ ಒಂದು ಜಾಹೀರಾತು ಕಂಪನಿ ಕೈಲಿ ಹ್ವಾನ್ ವಾಲ್ಡೆಜ್ ಅಂತ ಒಬ್ಬ ರೈತನ್ನ ಹುಟ್ಟಿಸಿದ್ರು, ನಿಜವಾದ ಮನುಷ್ಯ ಅಲ್ಲ, ದೊಡ್ಡ ಹ್ಯಾಟು, ಮೀಸೆ, ಪಕ್ಕದಲ್ಲಿ ಕಾಫಿ ಮೂಟೆ ಹೊತ್ತಿರೋ ಹೇಸರಗತ್ತೆ. ಬೆಟ್ಟದಲ್ಲಿ ಒಬ್ಬ ರೈತ ಒಂದೊಂದೇ ಹಣ್ಣು ಆರಿಸಿ ಕುಯ್ತಾನೆ ಅನ್ನೋದನ್ನ ಅಮೆರಿಕದವರಿಗೆ ವರ್ಷಗಟ್ಟಲೆ ತೋರಿಸ್ತಾನೇ ಇದ್ರು. ಆಮೇಲೆ ಅದೇ ಚಿತ್ರ ಲೋಗೋ ಆಯ್ತು, ನೂರಕ್ಕೆ ನೂರು ಕೊಲಂಬಿಯಾ ಕಾಫಿ ಇರೋ ಪ್ಯಾಕೆಟ್ ಮೇಲೆ ಹಾಕೋಕೆ. ನನಗೆ ಇದ್ರಲ್ಲಿ ಮುಖ್ಯ ಅನ್ಸೋದು ಜಾಹೀರಾತಿಗಿಂತ ಅದರ ಹಿಂದೆ ಇದ್ದ ಕಟ್ಟುನಿಟ್ಟು. ಕ್ವಾಲಿಟಿ ಚೆಕ್ ಆಗದೆ ಕಾಫಿ ಹೊರಗೆ ಹೋಗಲ್ಲ, ಗುಣಮಟ್ಟ ಸರಿ ಇದ್ರೆ ಎಷ್ಟು ಸಣ್ಣ ರೈತ ತಂದ್ರೂ ಅವತ್ತಿನ ರೇಟಿಗೆ ಫೆಡರೇಶನ್ ಕೊಂಡ್ಕೊಳ್ಳುತ್ತೆ. ಇದಿಲ್ದೆ ಬರೀ ಮೀಸೆ ಚಿತ್ರ ಹಾಕಿದ್ರೆ ನಾಲ್ಕು ವರ್ಷಕ್ಕೆ ಎಲ್ಲರೂ ಮರೀತಿದ್ರು.

ಈಗ ನಮ್ಮ ವಿಷಯ. ಎರಡನೇ ಮಹಾಯುದ್ಧದಲ್ಲಿ ಯುರೋಪ್ ಮಾರ್ಕೆಟ್ ಮುಚ್ಚಿದಾಗ ಬೆಳೆಗಾರರನ್ನ ಉಳಿಸೋಕೆ ಪೂಲಿಂಗ್ ಬಂತು, 1942ರ ಕಾಫಿ ಕಾಯ್ದೆ. ಬೆಳೆದಿದ್ದೆಲ್ಲಾ ಸರ್ಕಾರದ ಕಾಫಿ ಬೋರ್ಡಿಗೆ ಕೊಡ್ಬೇಕು, ಬೋರ್ಡ್ ಮಾರಿ ದುಡ್ಡು ಕಂತಲ್ಲಿ ಕೊಡ್ತಿತ್ತು. ಅವತ್ತಿಗೆ ಅದು ತುಂಬಾ ದೊಡ್ಡ ಉಪಕಾರ, ಎಷ್ಟೋ ತೋಟ ಉಳೀತು. ಆದ್ರೆ ಪೂಲಲ್ಲಿ ನಿಮ್ಮ ತೋಟದ್ದು, ಪಕ್ಕದವರದ್ದು, ಇನ್ಯಾವ್ದೋ ಬೆಟ್ಟದ್ದು ಎಲ್ಲಾ ಗ್ರೇಡ್ ಪ್ರಕಾರ ಒಂದೇ ರಾಶಿ, ಚೆನ್ನಾಗಿ ಮಾಡಿದವನಿಗೂ ತೋಟದ ಹೆಸರು ಹೇಳ್ಕೊಂಡು ಮಾರೋ ದಾರಿ ಇರ್ಲಿಲ್ಲ. 1990ರ ದಶಕದಲ್ಲಿ ಪೂಲಿಂಗ್ ಹೋಯ್ತು, ಅಷ್ಟೊತ್ತಿಗೆ ಕೊಲಂಬಿಯಾದ ರೈತ ಅಮೆರಿಕದ ಟೀವೀಲಿ ಮೂವತ್ತು ವರ್ಷ ಕಳೆದಾಗಿತ್ತು. ಇವತ್ತಿಗೂ ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ, ಅಲ್ಲಿ ಎಸ್ಪ್ರೆಸೊ ಬ್ಲೆಂಡಿಗೆ ನಮ್ಮ ರೋಬಸ್ಟಾ ಬೇಕೇ ಬೇಕು ಅಂತಾರೆ. ನೀವು ಜರ್ಮನೀಲಿ ಇಟಲಿ ಹೆಸರಿನ ಕಾಫಿ ಕುಡ್ದಿದ್ರೆ ಅದ್ರಲ್ಲಿ ಕೊಡಗಿಂದೋ ನಿಮ್ಮ ಕಡೇದೋ ಬೀಜ ಇದ್ರೂ ಇರಬಹುದು. ಇದು ನನಗೆ ನಿಜವಾಗ್ಲೂ ನೋವಿನ ವಿಷಯ. ಮಾನ್ಸೂನ್ಡ್ ಮಲಬಾರ್ ಮಾತ್ರ ಹೆಸರು ಉಳಿಸ್ಕೊಂಡಿದೆ, ಕರಾವಳೀಲಿ ಮಳೆಗಾಲದ ತೇವದ ಗಾಳಿಗೆ ಬೀಜ ಹರಡಿ ಉಬ್ಬಿಸೋದು, ಆ ರುಚಿ ಬೇಕಂದ್ರೆ ಇಲ್ಲಿಗೇ ಬರ್ಬೇಕು.

ಅರೇಬಿಕಾ ಅನ್ನೋದು ಕಾಫಿಯ ಇನ್ನೊಂದು ಜಾತಿ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ ಜಿಐ ಟ್ಯಾಗ್, ಅಂದ್ರೆ ಇದು ಇಂಥ ಜಾಗದ್ದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ. ಆದ್ರೆ ಟ್ಯಾಗ್ ಬಂತು ಅಂತ ಎಲ್ಲರೂ ಹಾಕ್ಕೊಳ್ಳೋಕಾಗಲ್ಲ, ಬಳಸೋ ಬೆಳೆಗಾರರು ಅಧಿಕೃತ ಬಳಕೆದಾರ ಅಂತ ರಿಜಿಸ್ಟರ್ ಆಗ್ಬೇಕು. ನಿಮ್ಮಪ್ಪಂದು ಅರೇಬಿಕಾ ಇದ್ರೆ, ತೋಟ ಆ ಗಡಿಯೊಳಗೆ ಬರುತ್ತಾ ಅಂತ ಹತ್ತಿರದ ಕಾಫಿ ಬೋರ್ಡ್ ಆಫೀಸಲ್ಲಿ ಕೇಳೋಕೆ ಹೇಳಿ. ರೋಬಸ್ಟಾ ಆದ್ರೆ ಈ ಟ್ಯಾಗ್ ಬರಲ್ಲ, ಆದ್ರೂ ಮುಂದಿಂದು ಮಾಡ್ಬಹುದು: ಪೂರ್ತಿ ಹಣ್ಣಾಗಿರೋದನ್ನಷ್ಟೇ ಕುಯ್ಸಿ, ಪಲ್ಪ್ ಮಾಡಿ (ಹಣ್ಣಿನ ಸಿಪ್ಪೆ ತೆಗೆದು), ಕಣದಲ್ಲಿ ಬೇರೆಯಾಗೇ ಒಣಗಿಸಿ, ಕ್ಯೂರಿಂಗ್ ವರ್ಕ್ಸಲ್ಲೂ (ಒಣಗಿದ ಕಾಫಿಯ ಹೊಟ್ಟು ತೆಗೆದು ಗ್ರೇಡ್ ಮಾಡೋ ಕಡೆ) ಬೇರೆ ಲಾಟ್ ಆಗೇ ಇಡಿಸೋದು. ಮೊದಲ ವರ್ಷ ಎರಡು ಮೂಟೆ ಆದ್ರೂ ಸಾಕು. ಮುಂದಿನ ಸಲ ಊರಿಗೆ ಬಂದಾಗ ಆ ಲಾಟಿಂದ ಅರ್ಧ ಕೇಜಿ ಹುರಿಯದ ಬೀಜ ಸ್ಯಾಂಪಲ್ ತಗೊಂಡ್ಹೋಗಿ, ಒಯ್ಯೋ ನಿಯಮ ಮೊದ್ಲೇ ವಿಚಾರಿಸ್ಕೊಳ್ಳಿ, ನೀವಿರೋ ಊರಲ್ಲಿ ತಾವೇ ಹುರಿದು ಮಾರೋ ಸಣ್ಣ ಅಂಗಡಿಯವರಿಗೆ ತೋಟದ ಹೆಸರು ಹೇಳಿ ಕೊಡಿ.